ಹಳೆ ಔಟ್‌ಬೋರ್ಡ್ ಎಂಜಿನ್ ಕೊಳ್ಳುವ ಮುನ್ನ

ಮಂಜೇಶ್ವರ, ಕಾಸರಗೋಡು ಕಿನಾರೆಯ ಸದಸ್ಯರು ದೋಣಿಗೆ ಹಳೆ ಎಂಜಿನ್ ನೋಡಲು ಹೊರಟಾಗ ನಾವು ಮೊದಲು ಹೇಳುವ ಮಾತು: ನೀವು ತಲುಪುವ ತನಕ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ತಿಳಿಸಿಡಿ. ಬಿಸಿ ಎಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ತಣ್ಣಗಿದ್ದಾಗಲೇ ಅದರ ಹಣೆಬರಹ ಗೊತ್ತಾಗುವುದು.

ಸ್ಟಾರ್ಟ್ ಮಾಡುವ ಮೊದಲು ಗೇರ್‌ಬಾಕ್ಸಿನ ತಳದ ಸ್ಕ್ರೂ ಸಡಿಲಿಸಿ ನಾಲ್ಕು ಹನಿ ಆಯಿಲ್ ಅಂಗೈಗೆ ಬೀಳಿಸಿಕೊಳ್ಳಿ. ಹಾಲು ಬೆರೆತ ಚಹಾದಂತಿದ್ದರೆ ಒಳಗೆ ನೀರು ಸೇರಿದೆ. ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ಬಲೆಯ ನೂಲು ಸೀಲನ್ನು ಕೊರೆದರೂ ಹೀಗಾಗುತ್ತದೆ. ಸೀಲಿಗೆ ಹೆಚ್ಚು ಖರ್ಚಿಲ್ಲ, ಆದರೆ ಉಪ್ಪುನೀರು ಗೇರನ್ನೇ ತಿಂದಿದ್ದರೆ ಕಷ್ಟ. ಲೋಹದ ಚೂರು ಸಿಕ್ಕಿದರೆ ಚೌಕಾಸಿ ಬೇಡ, ಹಿಂದಿರುಗಿ. 'ಮೊನ್ನೆಯಷ್ಟೇ ಆಯಿಲ್ ಬದಲಿಸಿದ್ದು' ಎಂದರೆ ಓಡಿಸಿದ ಮೇಲೆ ಮತ್ತೊಮ್ಮೆ ನೋಡಿ.

ನೀರಿಲ್ಲದೆ ಎಂಜಿನ್ ಓಡಿಸಬಾರದು. ಡ್ರಮ್ಮಿನ ನೀರಿನಲ್ಲಿಟ್ಟು ಓಡಿಸಿದಾಗ ಪಕ್ಕದ ಸಣ್ಣ ತೂತಿನಿಂದ ನೀರು ಎಡೆಬಿಡದೆ ಚಿಮ್ಮಬೇಕು. ಸೀಮೆಎಣ್ಣೆ ಎಂಜಿನ್ ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲಿ. ಸೀಮೆಎಣ್ಣೆಗೆ ಬದಲಿಸಿ ಹತ್ತು ನಿಮಿಷವಾದರೂ ಓಡಿಸಿ. ಮೆಕ್ಯಾನಿಕ್ ಜೊತೆಗಿದ್ದರೆ ಕಂಪ್ರೆಶನ್ ಅಳೆಸಿ. ಸಿಲಿಂಡರುಗಳ ನಡುವೆ ನೂರಕ್ಕೆ 10ಕ್ಕಿಂತ ಹೆಚ್ಚು ವ್ಯತ್ಯಾಸ ಒಳ್ಳೆಯದಲ್ಲ.

ಹೊಸ ಬಣ್ಣ ಬಳಿದ ಎಂಜಿನ್ ಕಂಡರೆ ನಮಗಂತೂ ಅನುಮಾನ. ಎಂಜಿನ್ ನಂಬರನ್ನು ಕಾಗದದೊಂದಿಗೆ ತಾಳೆ ನೋಡಿಯೇ ಮುಂಗಡ ಕೊಡಿ. ಸೀಮೆಎಣ್ಣೆ ಪರ್ಮಿಟ್ಟಿಗೂ ಆ ನಂಬರು ಬೇಕು.