ಗಣಕಯಂತ್ರದ ಆಟವು ತಡವರಿಸುವುದೇಕೆ?

ಈಚೆಗೆ ವಿದ್ಯಾರ್ಥಿಯೊಬ್ಬನ ತಂದೆಯವರು ನನ್ನಲ್ಲಿಗೆ ಬಂದು, "ಮೇಷ್ಟ್ರೇ, ಆಟ ತಡವರಿಸುತ್ತದೆಯೆಂದು ಮಗ ಹೊಸ ಲ್ಯಾಪ್‌ಟಾಪನ್ನೇ ಕೇಳುತ್ತಿದ್ದಾನೆ, ಕೊಡಿಸಲೇಬೇಕೆ?" ಎಂದು ಕೇಳಿದರು. ಇದು ಅನೇಕ ಮನೆಗಳ ಪ್ರಶ್ನೆಯಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಚಲಿಸುವ ಚಿತ್ರವೆಂಬುದು ವಾಸ್ತವವಾಗಿ ನಿಶ್ಚಲ ಚಿತ್ರಗಳ ಸಾಲು. 1935ರಲ್ಲಿ ಟಿ. ಆರ್. ಸುಂದರಂ ಅವರು ಸೇಲಂನಲ್ಲಿ ಸ್ಥಾಪಿಸಿದ ಮಾಡರ್ನ್ ಥಿಯೇಟರ್ಸ್ ಸಂಸ್ಥೆಯನ್ನು ಹಿರಿಯರು ಬಲ್ಲರು. ಅಂದಿನ ವಾಕ್ಚಿತ್ರಗಳು ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತಿದ್ದುವು. ಅವೆಲ್ಲ ಸುರುಳಿಯಲ್ಲಿ ಮೊದಲೇ ಸಿದ್ಧವಾಗಿರುತ್ತಿದ್ದುವು. ಆಟದಲ್ಲಾದರೋ, ಆಟಗಾರನು ಯಾವ ಕಡೆ ತಿರುಗುವನೆಂದು ಮುಂಚೆ ತಿಳಿಯದು. ಒಂದೊಂದು ಚಿತ್ರವನ್ನೂ ಯಂತ್ರವು ಆ ಕ್ಷಣದಲ್ಲಿಯೇ ಲೆಕ್ಕಹಾಕಿ ಬರೆಯಬೇಕು. ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಯನ್ನು ಫ್ರೇಮ್ ರೇಟ್ ಎನ್ನುವರು. 60 ಚಿತ್ರಗಳು ಬೇಕಾದರೆ ಒಂದೊಂದಕ್ಕೂ ಸೆಕೆಂಡಿನ ಅರುವತ್ತನೆಯ ಒಂದು ಪಾಲು ಮಾತ್ರ ಕಾಲ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಹಳೆಯ ಚಿತ್ರವೇ ತೆರೆಯ ಮೇಲೆ ನಿಲ್ಲುವುದು. ಇದೇ ತಡವರಿಕೆ.

ಆದುದರಿಂದ ಯಂತ್ರದ ಹೊರೆಯನ್ನು ತಗ್ಗಿಸುವುದೇ ಮೊದಲ ಉಪಾಯ. ತೆರೆಯ ಅಳತೆ 1920 × 1080 ಆಗಿದ್ದರೆ ಪ್ರತಿ ಚಿತ್ರದಲ್ಲಿಯೂ 20,73,600 ಬಿಂದುಗಳಿಗೆ ಬಣ್ಣ ತುಂಬಬೇಕು. 1280 × 720 ಆದರೆ 9,21,600 ಸಾಕು. ಕೆಲಸ ಅರ್ಧಕ್ಕಿಂತಲೂ ಕಡಿಮೆಯಾಯಿತಲ್ಲವೆ? ನೆರಳು, ಪ್ರತಿಬಿಂಬ ಮೊದಲಾದ ಅಲಂಕಾರಗಳನ್ನೂ ತಗ್ಗಿಸಬಹುದು. ಹಿಂದೆ ತೆರೆದಿಟ್ಟ ಇತರ ಕಾರ್ಯಕ್ರಮಗಳನ್ನು ಮುಚ್ಚಬೇಕು. ಬ್ಯಾಟರಿಯ ಮೇಲೆ ನಡೆಯುವಾಗ ಅನೇಕ ಲ್ಯಾಪ್‌ಟಾಪುಗಳು ವೇಗವನ್ನು ಕುಗ್ಗಿಸಿಕೊಳ್ಳುವುದರಿಂದ ವಿದ್ಯುತ್ ಸಂಪರ್ಕ ಕೊಟ್ಟಿರಬೇಕು. ಯಂತ್ರವು ಅತಿಯಾಗಿ ಕಾದರೂ ತನ್ನ ರಕ್ಷಣೆಗಾಗಿ ತಾನೇ ನಿಧಾನಿಸುತ್ತದೆ. ಆದಕಾರಣ ಗಾಳಿಯ ಕಂಡಿಗಳಲ್ಲಿ ಧೂಳು ಕಟ್ಟಬಾರದು.

ಇನ್ನೊಂದು ಮಾತು. ವೇಗಕ್ಕಿಂತಲೂ ಸಮತೆ ಮುಖ್ಯ. ಒಮ್ಮೆ 50, ಒಮ್ಮೆ 25 ಎಂದು ಏರಿಳಿಯುವುದಕ್ಕಿಂತ, 30ಕ್ಕೆ ಮಿತಿಗೊಳಿಸಿ ಸ್ಥಿರವಾಗಿ ಓಡಿಸಿದರೆ ಕಣ್ಣಿಗೆ ಹಿತ.

ವಿದ್ಯಾರ್ಥಿಗಳೆ, ಇವೆಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಒಂದನ್ನು ಬದಲಾಯಿಸಿ, ಫ್ರೇಮ್ ರೇಟನ್ನು ಪುಸ್ತಕದಲ್ಲಿ ಗುರುತಿಟ್ಟುಕೊಂಡು, ಬಳಿಕ ಮತ್ತೊಂದಕ್ಕೆ ಹೋಗಿ. ಆಗ ನಿಜವಾದ ಕಾರಣ ತಾನಾಗಿ ತಿಳಿಯುವುದು. ವಿಜ್ಞಾನದ ಪ್ರಯೋಗವೆಂದರೆ ಇದೇ.

ಆ ಬಾಲಕನು ಹಾಗೆಯೇ ಮಾಡಿದನು. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಆಡುತ್ತಿದ್ದುದರಿಂದ ಗಾಳಿಯ ಕಂಡಿ ಮುಚ್ಚಿ ಯಂತ್ರ ಕಾಯುತ್ತಿದ್ದಿತು. ಈಗ ಅದು ಮೇಜಿನ ಮೇಲಿದೆ. ಯಂತ್ರ ನಿಜವಾಗಿ ಹಳತಾಗಿದ್ದರೆ ಈ ಉಪಾಯಗಳು ಸಾಲವು ಎಂಬುದೂ ಸತ್ಯವೇ. ಆದರೆ ತಂದೆಯ ದುಡಿಮೆಯ ಹಣವನ್ನು ಕೇಳುವ ಮುನ್ನ, ಕೈಯಲ್ಲಿರುವುದನ್ನು ಪರೀಕ್ಷಿಸಿ ನೋಡುವುದು ಮಕ್ಕಳ ಧರ್ಮ.