ಕೈಗೆ ಹಾಕಿದ ಡ್ರಿಪ್ಪನ್ನು ಮನೆಯಲ್ಲೇ ಕಿತ್ತುಬಿಡಬಹುದೇ? ಕತ್ತರಿ ಯಾಕೆ ಮುಟ್ಟಬಾರದು?

ಮೂರು ದಿನ ಇಂಜೆಕ್ಷನ್ ಬರೆದುಕೊಟ್ಟು, "ದಿನಾ ಚುಚ್ಚೋದು ಬೇಡ, ಇದು ಹಾಗೇ ಇರಲಿ" ಎಂದು ಕೈಗೆ ಹಾಕಿದ ಕ್ಯಾನುಲಾ ಸಮೇತ ಮನೆಗೆ ಕಳಿಸುವುದು ನಮ್ಮ ಕಡೆಯ ಕ್ಲಿನಿಕ್‌ಗಳಲ್ಲಿ ಹೊಸದೇನಲ್ಲ. ಕೋರ್ಸ್ ಮುಗಿದ ಮೇಲೆ ಅದನ್ನು ತೆಗೆಸಲೆಂದೇ ಮತ್ತೆ ಯಾರು ಹೋಗುತ್ತಾರೆ ಎಂದು ಮನೆಯಲ್ಲೇ ಎಳೆದು ಬಿಸಾಡುವವರಿದ್ದಾರೆ. ಒಳಗಿರುವ ಸೂಜಿ ಮುರಿದು ಹೃದಯಕ್ಕೆ ಹೋಗುತ್ತದೆ ಎಂದು ಮೂರು ದಿನ ಕೈ ಅಲುಗಿಸದೆ ಕೂರುವವರೂ ಇದ್ದಾರೆ. ಎರಡರಲ್ಲಿ ಯಾವುದು ಸರಿ?

ಒಳಗೆ ಸೂಜಿ ಇರುತ್ತದೆಯೇ?

ಇಲ್ಲ. ಚುಚ್ಚುವಾಗ ಸೂಜಿ ಇರುವುದು ನಿಜ. ಆದರೆ ಅದರ ಮೇಲೆ ಮೆದುವಾದ ಪ್ಲಾಸ್ಟಿಕ್ ಕೊಳವೆ ಕೂತಿರುತ್ತದೆ. ಕೊಳವೆ ರಕ್ತನಾಳದೊಳಗೆ ಸೇರಿದ ಕೂಡಲೇ ಸಿಸ್ಟರ್ ಸೂಜಿಯನ್ನು ಹೊರಗೆಳೆದುಬಿಡುತ್ತಾರೆ. ಉಳಿಯುವುದು ಬರೀ ಕೊಳವೆ. ಹೊರಗೆ ಕಾಣುವ ಗುಲಾಬಿ, ನೀಲಿ, ಹಸಿರು ಬಣ್ಣಗಳು ಅದರ ಗಾತ್ರ ಹೇಳುತ್ತವೆ ಅಷ್ಟೇ, ಕಾಯಿಲೆಯ ತೀವ್ರತೆಯನ್ನಲ್ಲ.

ಹಾಗಾದರೆ ಭಯವೇ ಬೇಡವೇ? ಒಂದು ಭಯ ಇರಲಿ: ಕತ್ತರಿಯದ್ದು. ಪ್ಲಾಸ್ಟರ್ ಬಿಡುತ್ತಿಲ್ಲವೆಂದು ಕತ್ತರಿ ಹಾಕಿದಾಗ ಒಳಗಿನ ಕೊಳವೆಯೂ ತುಂಡಾದರೆ, ಆ ಚೂರು ರಕ್ತದ ಜೊತೆ ಹೃದಯ, ಶ್ವಾಸಕೋಶದ ಕಡೆ ಸಾಗಬಹುದು. ಜನ ಸೂಜಿಯ ಬಗ್ಗೆ ಪಡುವ ಭಯ ನಿಜವಾಗಿ ಸಲ್ಲಬೇಕಾದದ್ದು ಇಲ್ಲಿ. ಪ್ಲಾಸ್ಟರನ್ನು ನೀರಿನಿಂದ ಒದ್ದೆ ಮಾಡಿ ಅಂಚಿನಿಂದ ನಿಧಾನಕ್ಕೆ ಬಿಡಿಸಿದರೆ ಸಾಕು.

ಸರಿಯಾಗಿ ತೆಗೆಯುವುದು ಹೇಗೆ?

ಕ್ಲಿನಿಕ್‌ನಲ್ಲೇ ತೆಗೆಸಿ ಎನ್ನುವುದು ನಮ್ಮ ಸಲಹೆ. ಐದು ನಿಮಿಷದ ಕೆಲಸ. ಅವರು ಮಾಡುವುದು ಇಷ್ಟು: ಡ್ರಿಪ್ ಹರಿಯುತ್ತಿದ್ದರೆ ಮೊದಲು ಟ್ಯೂಬಿನ ಚಕ್ರ ತಿರುಗಿಸಿ ನಿಲ್ಲಿಸುತ್ತಾರೆ. ಕೈ ತೊಳೆದು, ಗ್ಲೌಸ್ ಹಾಕಿ, ಪ್ಲಾಸ್ಟರ್ ಬಿಡಿಸುತ್ತಾರೆ. ಚುಚ್ಚಿದ ಜಾಗದ ಮೇಲೆ ಗಾಜ್ ಬಟ್ಟೆ ಹಿಡಿದು, ಕೊಳವೆಯನ್ನು ಚರ್ಮಕ್ಕೆ ಸಮನಾಗಿ ನೇರವಾಗಿ ಎಳೆದು, ಹೊರಬಂದ ಮೇಲೆ ಒತ್ತುತ್ತಾರೆ. ಕೊಳವೆಯ ತುದಿ ಪೂರ್ತಿ ಇದೆಯೇ ಎಂದು ನೋಡುತ್ತಾರೆ.

ಒತ್ತುವುದು 2-3 ನಿಮಿಷವಾದರೂ ಇರಬೇಕು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಉಜ್ಜಬೇಡಿ. ಹತ್ತಿ ಇಟ್ಟು ಮೊಣಕೈ ಮಡಚಿ ಕೂರುವ ನಮ್ಮೆಲ್ಲರ ಅಭ್ಯಾಸವೂ ತಪ್ಪು. ಅದರಿಂದ ಒಳಗೇ ರಕ್ತ ಸೋರಿ ಚರ್ಮ ನೀಲಿಗಟ್ಟುತ್ತದೆ. ಕೈ ಚಾಚಿಯೇ ಒತ್ತಿ.

ಮನೆಯಲ್ಲಿ ಅರ್ಧ ಹೊರಬಂದಿದ್ದರೆ? ಯಾವ ಕಾರಣಕ್ಕೂ ಮತ್ತೆ ಒಳಗೆ ತಳ್ಳಬೇಡಿ. ಪೂರ್ತಿ ಕಳಚಿ ಬಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕ್ಲಿನಿಕ್‌ಗೆ ಫೋನ್ ಮಾಡಿ.

ಕುತ್ತಿಗೆಯದ್ದೂ ಹೀಗೆಯೇ?

ಖಂಡಿತ ಅಲ್ಲ. ಕುತ್ತಿಗೆ, ಎದೆಗೆ ಹಾಕುವ ಕೊಳವೆಯ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿರುತ್ತದೆ. ಉಸಿರು ಒಳಗೆಳೆದಾಗ ಆ ನಾಳದ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತದೆ. ಅದೇ ಕ್ಷಣ ಕೊಳವೆ ಕಿತ್ತರೆ ಆ ತೂತಿನಿಂದ ಗಾಳಿ ಒಳಗೆ ಎಳೆಯಲ್ಪಟ್ಟು ಜೀವಕ್ಕೇ ಅಪಾಯವಾಗಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ರೋಗಿಯನ್ನು ಮಲಗಿಸಿ, ಉಸಿರು ಹಿಡಿಯಲು ಹೇಳಿ ತೆಗೆದು, ಗಾಳಿಯಾಡದ ಪಟ್ಟಿ ಹಾಕುತ್ತಾರೆ. ತೋಳಿನಿಂದ ಎದೆಯವರೆಗೆ ಹೋಗುವ ಪಿಕ್ ಲೈನ್ ಕೂಡ ಮನೆಯವರು ಮುಟ್ಟುವಂಥದ್ದಲ್ಲ. ಹೆರಿಗೆ ನೋವಿಗೆಂದು ಬೆನ್ನಿಗೆ ಹಾಕಿದ ಕೊಳವೆಯೂ ಅಷ್ಟೇ.

ತೆಗೆದ ಮೇಲೆ ಆ ಜಾಗ ಸ್ವಲ್ಪ ನೋಯುವುದು ಸಹಜ. ಆದರೆ ಕೆಂಪು ಗೆರೆ ಮೇಲಕ್ಕೆ ಹತ್ತುತ್ತಿದ್ದರೆ, ಕೀವು, ಚಳಿಜ್ವರ ಬಂದರೆ, ಊತ ಹೆಚ್ಚುತ್ತಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ತೆಗೆದ ಕ್ಯಾನುಲಾ ಮನೆಯ ಕಸದ ಬುಟ್ಟಿಗೆ ಬೇಡ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಗಳು ಡ್ರಿಪ್ ಟ್ಯೂಬುಗಳನ್ನು ಕೆಂಪು ಚೀಲಕ್ಕೆ, ಸೂಜಿಗಳನ್ನು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು. ರಕ್ತ ಮೆತ್ತಿದ ಕೊಳವೆಯನ್ನು ಒಂದು ಡಬ್ಬಿಯಲ್ಲಿ ಮುಚ್ಚಿ ಕ್ಲಿನಿಕ್‌ಗೇ ಕೊಟ್ಟು ಬನ್ನಿ. ಬೆಳಿಗ್ಗೆ ನಿಮ್ಮ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಎಷ್ಟೋ ಸಲ ಗ್ಲೌಸ್ ಇರುವುದಿಲ್ಲ.