ಎತ್ತರಿಸಿದ ಜೀಪಿನ ಮುಂಭಾಗದ ಕಂಪನ: ಬಿಡಿಭಾಗ ಬದಲಿಸುವ ಮುನ್ನ ಮೂಲ ಪತ್ತೆಯಾಗಲಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ ಬಲ ದೊರೆಯುವ ಜೀಪು ಇಂದಿಗೂ ದುಡಿಯುವ ವಾಹನ. ಮಳೆಗಾಲದ ಕೆಸರು ಮತ್ತು ಕಲ್ಲುದಾರಿಯನ್ನು ದಾಟುವ ಸಲುವಾಗಿ ಅದರ ಸ್ಪ್ರಿಂಗುಗಳನ್ನು ಬದಲಿಸಿ, ದೊಡ್ಡ ಟಯರು ತೊಡಿಸಿ, ನೆಲದಿಂದ ಎರಡು ಮೂರು ಅಂಗುಲ ಮೇಲೆತ್ತುವುದು ಹಳೆಯ ರೂಢಿ. ಈಚಿನ ವರ್ಷಗಳಲ್ಲಿ ಬೆಟ್ಟಗುಡ್ಡಗಳ ಹವ್ಯಾಸಿ ಚಾಲಕರೂ ಈ ಮಾರುಕಟ್ಟೆಗೆ ಸೇರಿಕೊಂಡಿದ್ದಾರೆ. ಸ್ಪ್ರಿಂಗ್, ಬುಷ್, ರಿಮ್, ಟಯರ್ ಹಾಗೂ ಶಾಕ್ ಅಬ್ಸಾರ್ಬರ್‌ಗಳ ತಯಾರಿಕೆ ಮತ್ತು ಮಾರಾಟದಲ್ಲಿ ತೊಡಗಿರುವ ನಮ್ಮ ಅನೇಕ ಓದುಗರಿಗೆ ಇದೊಂದು ಸಣ್ಣದಾದರೂ ಗಟ್ಟಿಯಾದ ವ್ಯಾಪಾರ.

ಆದರೆ ಈ ವ್ಯಾಪಾರಕ್ಕೆ ಅಂಟಿಕೊಂಡಿರುವ ತಲೆನೋವು ಒಂದುಂಟು. ವಾಹನವನ್ನು ಎತ್ತರಿಸಿದ ಕೆಲವೇ ದಿನಗಳಲ್ಲಿ ಗ್ರಾಹಕನು ಹಿಂದಿರುಗಿ, "ಮುಂಭಾಗ ಅದುರುತ್ತಿದೆ, ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ" ಎನ್ನುತ್ತಾನೆ. ಗ್ಯಾರೇಜಿನವರು ಟಯರು ಮಾರಿದವರತ್ತ ಬೆರಳು ತೋರುತ್ತಾರೆ. ಟಯರಿನವರು ರಿಮ್ಮನ್ನು ದೂರುತ್ತಾರೆ. ಅಲೈನ್‌ಮೆಂಟ್ ಕೇಂದ್ರದವರು ಸ್ಪ್ರಿಂಗ್ ತಯಾರಕರನ್ನು ಹೊಣೆ ಮಾಡುತ್ತಾರೆ. ಅಂದಾಜಿನ ಮೇಲೆ ಒಂದಾದ ಮೇಲೊಂದು ಭಾಗ ಬದಲಾಗುತ್ತದೆ, ಕಂಪನ ಮಾತ್ರ ಉಳಿಯುತ್ತದೆ. ದೋಷವಿಲ್ಲದ ಸರಕು ವಾಪಸಾಗುತ್ತದೆ, ಹಣ ಬಾಕಿ ಬೀಳುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಚಾಲಕನ ಜೀವ ಅಪಾಯದಲ್ಲಿಯೇ ಇರುತ್ತದೆ. ಕಂಪನದ ಮೂಲವನ್ನು ಕ್ರಮಬದ್ಧವಾಗಿ ಪತ್ತೆ ಹಚ್ಚುವ ವಿಧಾನ ತಿಳಿದಿದ್ದಲ್ಲಿ ಈ ನಷ್ಟದ ಬಹುಭಾಗವನ್ನು ತಪ್ಪಿಸಬಹುದು.

ಎತ್ತರಿಸಿದಾಗ ಬದಲಾಗುವುದೇನು?

ಕಾರ್ಖಾನೆಯಿಂದ ಹೊರಬರುವ ವಾಹನದಲ್ಲಿ ಸ್ಟೀರಿಂಗ್ ಕಡ್ಡಿಗಳು, ಆಕ್ಸಲಿನ ಓರೆ ಮತ್ತು ಪ್ರೊಪೆಲ್ಲರ್ ಶಾಫ್ಟಿನ ಕೋನ ಇವೆಲ್ಲವೂ ಒಂದು ನಿಶ್ಚಿತ ಎತ್ತರಕ್ಕೆ ಹೊಂದಿಕೊಂಡಿರುತ್ತವೆ. ಎತ್ತರ ಬದಲಾದೊಡನೆ ಈ ಮೂರೂ ಏಕಕಾಲಕ್ಕೆ ಬದಲಾಗುತ್ತವೆ. ಇದರ ಮೇಲೆ ಹೆಚ್ಚು ತೂಕದ ಟಯರು ಕೂಡಿಕೊಂಡರೆ, ಹಳೆಯ ಬುಷ್ ಮತ್ತು ಬಾಲ್ ಜಾಯಿಂಟುಗಳಲ್ಲಿ ಅದುವರೆಗೆ ಮರೆಯಾಗಿದ್ದ ಸವೆತವೂ ಬಯಲಾಗುತ್ತದೆ.

ವಾಹನದ ರಚನೆಗೆ ಅನುಗುಣವಾಗಿ ರೋಗವೂ ಬೇರೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಮತ್ತು ಹಳೆಯ ಮಹೀಂದ್ರ ಜೀಪುಗಳ ಮುಂಭಾಗದಲ್ಲಿ ಇಡಿಯಾದ ಗಟ್ಟಿ ಆಕ್ಸಲ್ ಹಾಗೂ ಪಟ್ಟಿ ಸ್ಪ್ರಿಂಗುಗಳಿವೆ. ಭಾರತದಲ್ಲಿ 2023ರಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯಲ್ಲಿ ಗಟ್ಟಿ ಆಕ್ಸಲಿನೊಂದಿಗೆ ಸುರುಳಿ ಸ್ಪ್ರಿಂಗುಗಳಿವೆ. 2010ರ ಥಾರ್‌ನ ಕೆಲವು ಮಾದರಿಗಳಲ್ಲೂ 2020ರ ಹೊಸ ಥಾರ್‌ನಲ್ಲೂ ಮುಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್ ಇದೆ. ಒಂದಕ್ಕೆ ಹೊಂದುವ ಪರಿಹಾರ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲು ಪ್ರಶ್ನೆ, ಆಮೇಲೆ ಸ್ಪ್ಯಾನರ್

ಗ್ರಾಹಕನಿಗೆ ಐದು ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಜಾಬ್ ಕಾರ್ಡಿನಲ್ಲಿ ಬರೆದಿಡುವುದು ಒಳಿತು.

ಒಂದು, ವಾಹನ ನಿಂತಿರುವಾಗ ಎಂಜಿನ್ ವೇಗ ಏರಿಸಿದರೂ ಅದುರುವುದೇ? ಹೌದಾದರೆ ಎಂಜಿನ್ ಮೌಂಟಿಂಗ್, ಫ್ಯಾನ್ ಇತ್ಯಾದಿಗಳನ್ನು ನೋಡಬೇಕು. ಚಕ್ರಗಳನ್ನು ಬಿಚ್ಚುವ ಅಗತ್ಯವಿಲ್ಲ.

ಎರಡು, ಬ್ರೇಕ್ ಒತ್ತಿದಾಗ ಮಾತ್ರವೇ? ಹಾಗಿದ್ದಲ್ಲಿ ಬ್ರೇಕ್ ಡಿಸ್ಕಿನ ಓಲಾಟ ಅಥವಾ ಅದರ ದಪ್ಪದ ಏರುಪೇರು ಮೊದಲ ಶಂಕಿತ.

ಮೂರು, ಒಂದು ನಿರ್ದಿಷ್ಟ ವೇಗದಲ್ಲಿ ಆರಂಭವಾಗಿ, ವೇಗ ಬದಲಾದಾಗ ಕಡಿಮೆಯಾಗುವುದೇ? ಇದು ಚಕ್ರ ಮತ್ತು ಟಯರಿನ ಸಾಮಾನ್ಯ ಲಕ್ಷಣ.

ನಾಲ್ಕು, ಆಕ್ಸಲರೇಟರ್ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಇದೆಯೇ? ಆಗ ಪ್ರೊಪೆಲ್ಲರ್ ಶಾಫ್ಟಿನ ಕಡೆಗೆ ಗಮನ ಹರಿಯಬೇಕು.

ಐದು, ಹಳ್ಳ ಅಥವಾ ಉಬ್ಬು ದಾಟಿದೊಡನೆ ಸ್ಟೀರಿಂಗ್ ಎಡಬಲಕ್ಕೆ ಹುಚ್ಚಾಗಿ ಬಡಿದಾಡುವುದೇ? ಇದು ಎಲ್ಲಕ್ಕಿಂತ ಅಪಾಯಕಾರಿ. ಇದನ್ನು ಮುಂದೆ ಪ್ರತ್ಯೇಕವಾಗಿ ವಿವೇಚಿಸಲಾಗಿದೆ.

ಲೆಕ್ಕ ನುಡಿಯುವ ಸಾಕ್ಷ್ಯ

ಚಕ್ರ ಮತ್ತು ಶಾಫ್ಟ್ ತಿರುಗುವ ವೇಗಗಳು ಬೇರೆಬೇರೆ. ಆದ್ದರಿಂದ ಕಂಪನದ ಗತಿಯೇ ಅದರ ಮೂಲವನ್ನು ಸೂಚಿಸುತ್ತದೆ. 235/75 ಆರ್ 15 ಅಳತೆಯ ಟಯರಿನ ಹೊರವ್ಯಾಸ ಸುಮಾರು 733 ಮಿ.ಮೀ.; ಸುತ್ತಳತೆ 2.3 ಮೀಟರ್. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22.2 ಮೀಟರ್. ಅಂದರೆ ಚಕ್ರವು ಸೆಕೆಂಡಿಗೆ ಸುಮಾರು ಒಂಬತ್ತೂವರೆಯಿಂದ ಹತ್ತು ಸುತ್ತು ತಿರುಗುತ್ತದೆ. ಆಕ್ಸಲಿನ ಹಲ್ಲಿನ ಅನುಪಾತ 4:1 ಎಂದಿಟ್ಟುಕೊಂಡರೆ ಪ್ರೊಪೆಲ್ಲರ್ ಶಾಫ್ಟ್ ಅದೇ ಹೊತ್ತಿನಲ್ಲಿ ಸುಮಾರು 39 ಸುತ್ತು ತಿರುಗುತ್ತದೆ. ಶಾಫ್ಟಿನ ಕೋನ ತಪ್ಪಿದ್ದರೆ ಪ್ರತಿ ಸುತ್ತಿಗೆ ಎರಡು ಬಾರಿ ಹೊಡೆತ ಬೀಳುವುದರಿಂದ ಕಂಪನ ಸೆಕೆಂಡಿಗೆ 77ರ ಆಸುಪಾಸಿಗೆ ಏರುತ್ತದೆ.

ಹೀಗಾಗಿ ಸ್ಟೀರಿಂಗಿನಲ್ಲಿ ಕೈಗೆ ತಿಳಿಯುವ ನಿಧಾನದ ಅದುರು ಚಕ್ರದ್ದು. ನೆಲಹಾಸಿನಲ್ಲಿ ಕಾಲಿಗೆ ತಿಳಿಯುವ, ಗುಂಯ್‌ಗುಡುವ ಕಂಪನ ಶಾಫ್ಟಿನದು. ಅನುಭವಿ ಮೆಕ್ಯಾನಿಕ್ ಇದನ್ನು ಕೈಕಾಲಿನಿಂದಲೇ ಗುರುತಿಸಬಲ್ಲನು.

ವೇಗವನ್ನು ದಾಖಲಿಸುವಾಗ ಒಂದು ಎಚ್ಚರಿಕೆ ಅವಶ್ಯ. ಈ ಟಯರಿನ ಬದಲು 31 ಅಂಗುಲದ (ಸುಮಾರು 787 ಮಿ.ಮೀ.) ಟಯರು ಹಾಕಿದರೆ ಸುತ್ತಳತೆ ಶೇಕಡಾ 7ರಷ್ಟು ಹೆಚ್ಚುತ್ತದೆ. ಸ್ಪೀಡೋಮೀಟರ್ ಮುಳ್ಳು ಹಳೆಯ ಜಾಗದಲ್ಲಿಯೇ ಇದ್ದರೂ 80ರ ಬದಲು 86ರ ವೇಗದಲ್ಲಿ ವಾಹನ ಓಡುತ್ತಿರುತ್ತದೆ. ಆದುದರಿಂದ ಮೊಬೈಲ್ ಫೋನಿನ ಜಿಪಿಎಸ್ ತೋರಿಸುವ ವೇಗವನ್ನು ಬರೆದುಕೊಳ್ಳುವುದು ಲೇಸು.

ಚಕ್ರ ಮತ್ತು ಟಯರು: ಅಗ್ಗದ ತಪಾಸಣೆ ಮೊದಲು

ಕೆಸರಿನಲ್ಲಿ ಓಡಿದ ವಾಹನದ ರಿಮ್ಮಿನ ಒಳಮೈಯನ್ನು ತೊಳೆಯದೆ ಯಾವ ತಪಾಸಣೆಯನ್ನೂ ಆರಂಭಿಸಬಾರದು. ಹದಿನೈದು ಅಂಗುಲದ ರಿಮ್ಮಿನ ಅಂಚಿನಲ್ಲಿ 200 ಗ್ರಾಂ ಕೆಸರು ಒಣಗಿ ಅಂಟಿಕೊಂಡಿದೆ ಎನ್ನೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸುಮಾರು 14 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ಚಕ್ರವನ್ನು ಪ್ರತಿ ಸುತ್ತಿನಲ್ಲೂ ಹೊರಕ್ಕೆಳೆಯುತ್ತದೆ. ವೇಗ 40ಕ್ಕೆ ಇಳಿದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಊರೊಳಗೆ ಕಾಣದ ದೋಷ ಹೆದ್ದಾರಿಯಲ್ಲಿ ಕಾಣುವುದಕ್ಕೆ ಇದೇ ಕಾರಣ. ಒಂದು ಬಕೆಟ್ ನೀರಿನಿಂದ ಗುಣವಾಗುವ ಕಾಯಿಲೆಗೆ ಹೊಸ ಟಯರು ಮಾರಿದರೆ ಗ್ರಾಹಕನ ವಿಶ್ವಾಸ ಉಳಿಯದು.

ತೊಳೆದ ಬಳಿಕ ಗಾಳಿಯ ಒತ್ತಡ, ಟಯರಿನ ಉಬ್ಬು, ರಿಮ್ಮಿನ ಸೊಟ್ಟು ಮತ್ತು ಚಕ್ರದ ನಟ್ಟುಗಳ ಬಿಗುವನ್ನು ನೋಡಬೇಕು. ಹೊರಗಿನಿಂದ ತಂದ ರಿಮ್ಮಿನ ನಡುವಿನ ರಂಧ್ರ ಹಬ್ಬಿಗೆ ಹೊಂದದಿದ್ದರೆ, ನಟ್ಟಿನ ಓರೆಮುಖ ರಿಮ್ಮಿನ ಕುಳಿಗೆ ಸರಿಯಾಗಿ ಕೂರದಿದ್ದರೆ, ಚಕ್ರ ಕೇಂದ್ರ ತಪ್ಪಿ ತಿರುಗುತ್ತದೆ. ಬ್ಯಾಲೆನ್ಸಿಂಗ್ ಯಂತ್ರವು ಚಕ್ರವನ್ನು ತನ್ನ ಕೋನಿನ ಮೇಲೆ ಕೂರಿಸಿಕೊಳ್ಳುವುದರಿಂದ ಅಲ್ಲಿ ಈ ದೋಷ ಬೆಳಕಿಗೆ ಬಾರದೇ ಹೋಗಬಹುದು. ಚಕ್ರವನ್ನು ವಾಹನಕ್ಕೆ ಕಟ್ಟಿದ ಸ್ಥಿತಿಯಲ್ಲಿಯೇ ಡಯಲ್ ಗೇಜ್ ಇಟ್ಟು ಅಳೆಯುವುದು ಸರಿಯಾದ ಕ್ರಮ.

ಇದಕ್ಕೊಂದು ಖರ್ಚಿಲ್ಲದ ಪರೀಕ್ಷೆಯೂ ಇದೆ. ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಿಸಿ ಓಡಿಸಬೇಕು. ಕಂಪನವು ಸ್ಟೀರಿಂಗನ್ನು ಬಿಟ್ಟು ಸೀಟಿನ ಕಡೆಗೆ ಸರಿದರೆ ತಪ್ಪು ಚಕ್ರದ್ದೆಂದು ತೀರ್ಮಾನಿಸಬಹುದು.

ಉಬ್ಬು ದಾಟಿದಾಗಿನ ಬಡಿದಾಟ

ಗಟ್ಟಿ ಆಕ್ಸಲಿನ ವಾಹನಗಳಲ್ಲಿ ಉಬ್ಬು ತಗುಲಿದೊಡನೆ ಎರಡೂ ಚಕ್ರಗಳು ಎಡಬಲಕ್ಕೆ ರಭಸದಿಂದ ತೊನೆಯತೊಡಗುತ್ತವೆ. ವೇಗ ಇಳಿಯುವವರೆಗೆ ನಿಲ್ಲುವುದಿಲ್ಲ. ವೃತ್ತಿನಿರತರು ಇದನ್ನು 'ಡೆತ್ ವಾಬಲ್' ಎನ್ನುತ್ತಾರೆ. ಆ ಕ್ಷಣದಲ್ಲಿ ಚಾಲಕನು ಸ್ಟೀರಿಂಗನ್ನು ಭದ್ರವಾಗಿ ಹಿಡಿದು, ಗಾಬರಿಯಾಗದೆ ವೇಗವನ್ನು ತಗ್ಗಿಸಬೇಕು. ಇಂಥ ದೂರು ಬಂದ ವಾಹನವನ್ನು ಮೂಲ ಪತ್ತೆಯಾಗುವವರೆಗೆ ಗ್ರಾಹಕನಿಗೆ ಹಿಂದಿರುಗಿಸದಿರುವುದು ಗ್ಯಾರೇಜಿನ ಧರ್ಮ.

ಪತ್ತೆಯ ಕ್ರಮ ಸರಳ. ವಾಹನ ತನ್ನ ಭಾರದಲ್ಲಿಯೇ ನೆಲದ ಮೇಲೆ ನಿಂತಿರಲಿ. ಸಹಾಯಕನೊಬ್ಬನು ಎಂಜಿನ್ ಚಾಲೂ ಮಾಡಿ ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಬಲಕ್ಕೆ ಆಡಿಸುತ್ತಿರಲಿ. ಇನ್ನೊಬ್ಬನು ಸ್ಟೀರಿಂಗ್ ಬಾಕ್ಸ್, ಡ್ರ್ಯಾಗ್ ಲಿಂಕ್, ಟೈರಾಡ್ ತುದಿಗಳು, ಶ್ಯಾಕಲ್ ಬುಷ್‌ಗಳು ಹಾಗೂ ಸುರುಳಿ ಸ್ಪ್ರಿಂಗಿನ ವಾಹನವಾದರೆ ಪ್ಯಾನ್‌ಹಾರ್ಡ್ ರಾಡಿನ ಎರಡೂ ತುದಿಗಳನ್ನು ನೋಡಬೇಕು. ಎಲ್ಲಿ ಒಂದು ಭಾಗ ಚಲಿಸಿಯೂ ಅದಕ್ಕೆ ಜೋಡಿಸಿದ ಭಾಗ ತಡವಾಗಿ ಚಲಿಸುತ್ತದೆಯೋ ಅಲ್ಲಿ ಸಡಿಲವಿದೆ. ಬಳಿಕ ಚಕ್ರವನ್ನು ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಬೇರಿಂಗ್, ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟಿನ ಸವೆತವೂ, ಎಡಬಲಕ್ಕೆ ಹಿಡಿದು ಅಲುಗಾಡಿಸಿದರೆ ಟೈರಾಡಿನ ಸವೆತವೂ ತಿಳಿಯುತ್ತದೆ. ಬೋಲ್ಟು ಬಿಗಿಯಾಗಿದ್ದರೂ ಬ್ರಾಕೆಟ್ಟಿನ ರಂಧ್ರ ಮೊಟ್ಟೆಯಾಕಾರಕ್ಕೆ ಹಿಗ್ಗಿರುವುದುಂಟು. ಬೋಲ್ಟನ್ನು ಕಳಚಿಯೇ ನೋಡಬೇಕು.

ಹೊಸ ಸ್ಟೀರಿಂಗ್ ಡ್ಯಾಂಪರ್ ಜೋಡಿಸಿದಾಗ ಬಡಿದಾಟ ಕೆಲಕಾಲ ಅಡಗುತ್ತದೆ. ಆದರೆ ಡ್ಯಾಂಪರ್ ರೋಗವನ್ನು ಮುಚ್ಚುತ್ತದೆಯೇ ಹೊರತು ಗುಣಪಡಿಸುವುದಿಲ್ಲ. ಸಡಿಲವನ್ನು ಸರಿಪಡಿಸದೆ ಡ್ಯಾಂಪರ್ ಒಂದನ್ನೇ ಮಾರುವುದು ಗ್ರಾಹಕನಿಗೆ ಬಗೆಯುವ ಅಪಚಾರ.

ಕ್ಯಾಸ್ಟರ್ ಮತ್ತು ಶಾಫ್ಟಿನ ಹಗ್ಗಜಗ್ಗಾಟ

ಚಕ್ರ ತಿರುಗುವ ಅಕ್ಷವು ಮೇಲ್ತುದಿಯಲ್ಲಿ ಹಿಂದಕ್ಕೆ ವಾಲಿರುವ ಓರೆಗೆ ಕ್ಯಾಸ್ಟರ್ ಎನ್ನುತ್ತಾರೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಇದರಿಂದ. ಸುರುಳಿ ಸ್ಪ್ರಿಂಗಿನ ಗಟ್ಟಿ ಆಕ್ಸಲನ್ನು ಎತ್ತರಿಸಿದಾಗ ಹಿಡಿದಿರುವ ತೋಳುಗಳು ಆಕ್ಸಲನ್ನು ತಿರುಗಿಸಿ ಕ್ಯಾಸ್ಟರನ್ನು ಕುಗ್ಗಿಸುತ್ತವೆ. ಪಟ್ಟಿ ಸ್ಪ್ರಿಂಗಿನಲ್ಲಿ ಉದ್ದನೆಯ ಶ್ಯಾಕಲ್ ಹಾಕಿದಾಗ, ಶ್ಯಾಕಲ್ ಸ್ಪ್ರಿಂಗಿನ ಮುಂತುದಿಯಲ್ಲಿದ್ದರೆ ಕ್ಯಾಸ್ಟರ್ ಕುಗ್ಗುತ್ತದೆ, ಹಿಂತುದಿಯಲ್ಲಿದ್ದರೆ ಹೆಚ್ಚುತ್ತದೆ. ಕ್ಯಾಸ್ಟರ್ ಕುಗ್ಗಿದ ವಾಹನ ರಸ್ತೆಯಲ್ಲಿ ಅಲೆದಾಡುತ್ತದೆ; ಬಡಿದಾಟಕ್ಕೂ ಸುಲಭವಾಗಿ ತುತ್ತಾಗುತ್ತದೆ.

ಓರೆ ಶಿಮ್ಮು ಅಥವಾ ಬದಲಿ ಬುಷ್ ಹಾಕಿ ಕ್ಯಾಸ್ಟರನ್ನು ಮರಳಿ ತರಬಹುದು. ಆದರೆ ಆಗ ಮುಂದಿನ ಡಿಫರೆನ್ಷಿಯಲ್ಲಿನ ಪಿನಿಯನ್ ಮೂತಿ ಕೆಳಕ್ಕೆ ವಾಲುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೀಲಿನ ಕೋನ ಹೆಚ್ಚುತ್ತದೆ. ಒಂಟಿ ಕ್ರಾಸಿನ ಯೂನಿವರ್ಸಲ್ ಜಾಯಿಂಟಿನಲ್ಲಿ ಕೋನ 10 ಡಿಗ್ರಿ ಇದ್ದಾಗ ಹೊರಬರುವ ವೇಗ ಪ್ರತಿ ಸುತ್ತಿನಲ್ಲೂ ಸುಮಾರು ಶೇಕಡಾ 1.5ರಷ್ಟು ಏರಿಳಿಯುತ್ತದೆ, 20 ಡಿಗ್ರಿಯಾದರೆ ಏರಿಳಿತ ಶೇಕಡಾ 6ಕ್ಕೆ ಮುಟ್ಟುತ್ತದೆ. ಎರಡೂ ತುದಿಯ ಕೋನಗಳು ಸಮವಾಗಿದ್ದು, ಎರಡೂ ಯೋಕುಗಳು ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ. ಹಾಗಿಲ್ಲದಿದ್ದರೆ ಕಂಪನ ನಿಶ್ಚಿತ. ಕೋನವನ್ನು ಅಳೆಯಲು ಸಾಮಾನ್ಯ ಬೆಲೆಯ ಕೋನಮಾಪಕ ಸಾಕು.

ಶಂಕೆ ಶಾಫ್ಟಿನ ಮೇಲಿದ್ದರೆ, ಮುಂದಿನ ಹಬ್ಬುಗಳನ್ನು ಬಿಡಿಸುವ ಸೌಲಭ್ಯವಿರುವ ವಾಹನದಲ್ಲಿ ಅವನ್ನು ಬಿಡಿಸಿ, ಹಿಂಚಕ್ರದ ಬಲದಲ್ಲಿ ಮಾತ್ರ ಓಡಿಸಿ ನೋಡಬಹುದು. ಆ ಸೌಲಭ್ಯವಿಲ್ಲದಿದ್ದರೆ, ತಯಾರಕರ ಕೈಪಿಡಿ ಒಪ್ಪುವುದಾದಲ್ಲಿ, ಜೋಡಣೆಯ ಸ್ಥಾನವನ್ನು ಗುರುತು ಮಾಡಿಕೊಂಡು ಶಾಫ್ಟನ್ನು ಕಳಚಿ ಪರೀಕ್ಷಿಸಬಹುದು. ಕಂಪನ ಮಾಯವಾದರೆ ಟಯರಿನ ವ್ಯಾಪಾರಿ ನಿರ್ದೋಷಿ.

ಸ್ವತಂತ್ರ ಸಸ್ಪೆನ್ಷನ್ನಿನ ಥಾರ್‌ನಂಥ ವಾಹನಗಳಲ್ಲಿ ಮುಖ್ಯ ಸಂಗತಿ ಬೇರೆ. ಅಲ್ಲಿ ಎತ್ತರಿಸಿದಷ್ಟೂ ಚಕ್ರಕ್ಕೆ ಹೋಗುವ ಅರೆಶಾಫ್ಟುಗಳ ಕೋನ ಹೆಚ್ಚುತ್ತದೆ, ಬಾಲ್ ಜಾಯಿಂಟುಗಳು ತಮ್ಮ ಚಲನೆಯ ಅಂಚನ್ನು ತಲಪುತ್ತವೆ. ನಾಲ್ಕು ಚಕ್ರದ ಬಲದಲ್ಲಿ ಏರು ಹತ್ತುವಾಗ ಕಂಪನ ಹೆಚ್ಚಿದರೆ ಅರೆಶಾಫ್ಟಿನ ಕೀಲನ್ನೂ ಅದರ ರಬ್ಬರ್ ಹೊದಿಕೆಯನ್ನೂ ಮೊದಲು ನೋಡಬೇಕು.

ಕಾನೂನನ್ನು ಮರೆಯುವಂತಿಲ್ಲ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಮೂಲಕ ಬದಲಾದ 182ಎ ಕಲಮಿನಂತೆ ಅನುಮತಿಯಿಲ್ಲದ ಮಾರ್ಪಾಟಿಗಾಗಿ ವಾಹನದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮಾರಾಟಕ್ಕೆ ಮುನ್ನವೇ ಇದನ್ನು ಗ್ರಾಹಕನಿಗೆ ತಿಳಿಸುವುದು ವ್ಯಾಪಾರಿಯ ಹಿತದಲ್ಲಿಯೂ ಇದೆ.

ತಯಾರಕರು, ವ್ಯಾಪಾರಿಗಳು ಕೈಗೊಳ್ಳಬಹುದಾದ ಕ್ರಮಗಳು

ಪೀಣ್ಯದ ಸಣ್ಣ ಘಟಕದಲ್ಲಿ ಬುಷ್ ತಯಾರಿಸುವವರಿಗೂ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಮಾರುವವರಿಗೂ ಈ ವಿಷಯದಲ್ಲಿ ಪಾಲಿದೆ. ಎತ್ತರಿಸುವ ಕಿಟ್ ತಯಾರಕರು ಬರೀ ಸ್ಪ್ರಿಂಗನ್ನು ಕಳಿಸದೆ, ಯಾವ ವಾಹನಕ್ಕೆ, ಎಷ್ಟು ಎತ್ತರಕ್ಕೆ, ಕ್ಯಾಸ್ಟರ್ ಸರಿಪಡಿಸಲು ಯಾವ ಭಾಗ, ಬೋಲ್ಟಿಗೆ ಎಷ್ಟು ಬಿಗುವು ಎಂಬ ವಿವರಗಳ ಹಾಳೆಯನ್ನು ಕನ್ನಡದಲ್ಲಿ ಒದಗಿಸಲಿ. ಗ್ಯಾರೇಜಿನವರು ಎತ್ತರಿಸುವ ಮುನ್ನ ಹಾಗೂ ನಂತರದ ಅಲೈನ್‌ಮೆಂಟ್ ವರದಿಗಳನ್ನು ಜಾಬ್ ಕಾರ್ಡಿಗೆ ಲಗತ್ತಿಸಲಿ. ವ್ಯಾಪಾರಿಗಳು ವಾರಂಟಿ ಅಡಿಯಲ್ಲಿ ಸರಕು ಹಿಂಪಡೆಯುವಾಗ ತಪಾಸಣೆಯ ಅಳತೆಗಳನ್ನು ಕೇಳುವ ಪದ್ಧತಿ ಇಟ್ಟುಕೊಳ್ಳಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಬೆನ್ನಿಗೇ ರಸ್ತೆ ಪರೀಕ್ಷೆ ಎಂಬ ನಿಯಮವನ್ನು ಎಲ್ಲರೂ ಪಾಲಿಸಲಿ.

ತಪಾಸಣೆಗೆ ಪ್ರತ್ಯೇಕ ಶುಲ್ಕ ಕೇಳಲು ನಮ್ಮ ಗ್ಯಾರೇಜುಗಳು ಹಿಂಜರಿಯುತ್ತವೆ. ಆ ಹಿಂಜರಿಕೆಯಿಂದಲೇ ಬೇಡದ ಬಿಡಿಭಾಗಗಳ ಮಾರಾಟಕ್ಕೆ ದಾರಿಯಾಗುತ್ತದೆ. ಒಂದು ಗಂಟೆಯ ಶ್ರದ್ಧೆಯ ತಪಾಸಣೆಗೆ ನ್ಯಾಯವಾದ ಬೆಲೆ ಪಡೆದು, ಅಳತೆಗಳನ್ನು ಬರಹದಲ್ಲಿ ಕೊಟ್ಟರೆ ಗ್ರಾಹಕನು ತಕರಾರು ಮಾಡಲಾರನು. ತೋಟದ ಇಳಿಜಾರಿನಲ್ಲಿ ಕಾರ್ಮಿಕರನ್ನು ಕೂರಿಸಿಕೊಂಡು ಬರುವ ಜೀಪಿನ ಸ್ಟೀರಿಂಗ್ ಚಾಲಕನ ಕೈಯಲ್ಲಿ ಅಲುಗದೆ ನಿಂತರೆ, ಆ ಜೀಪಿಗೆ ದುಡಿದ ಗ್ಯಾರೇಜಿಗೂ ಸರಕು ಒದಗಿಸಿದ ಅಂಗಡಿಗೂ ಅದೇ ಅತ್ಯುತ್ತಮ ಜಾಹೀರಾತು.